‘ದಿ ಕ್ವೀನ್’ ಸಿನಿಮಾದಲ್ಲಿ ನಡೆದದ್ದು ಎಷ್ಟು, ಕಟ್ಟಿದ್ದು ಎಷ್ಟು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುವ ರೂಢಿ ಇದೆ. ಮುಂದಿನ ತಿಂಗಳಿಗೆ 2006ರ ‘ದಿ ಕ್ವೀನ್’ ಆರಿಸಿದ್ದೇನೆ. ಡಯಾನಾ ತೀರಿಕೊಂಡ ವಾರ ರಾಣಿ ಎಲಿಜಬೆತ್ ಮತ್ತು ಪ್ರಧಾನಿ ಟೋನಿ ಬ್ಲೇರ್ ಮಧ್ಯೆ ನಡೆದ ಎಳೆದಾಟದ ಕತೆ. ಮೊದಲು ನಾವು ಮೂವರು ಉಪನ್ಯಾಸಕರು ನೋಡಿದೆವು, ಜಗಳವೇ ಆಯಿತು. ಇತಿಹಾಸದ ಮೇಷ್ಟ್ರು ‘ಟೀವಿ ಸುದ್ದಿಯ ತುಣುಕುಗಳೇ ಇವೆಯಲ್ಲ, ಇದೆಲ್ಲ ನಡೆದದ್ದೇ’ ಎಂದರು. ಇನ್ನೊಬ್ಬರು ‘ಅರಮನೆಯವರು ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ’ ಎಂದರು. ನನಗೆ ಆ ಸಾರಂಗದ ದೃಶ್ಯ ಮನಸ್ಸಿನಿಂದ ಹೋಗುತ್ತಿಲ್ಲ. ರಾಣಿ ನಿಜಕ್ಕೂ ಹಾಗೆ ಒಬ್ಬರೇ ಕೂತು ಅತ್ತಿದ್ದರಾ? ಬ್ಲೇರ್ ರಾಜಮನೆತನವನ್ನು ಉಳಿಸಿದರು ಅನ್ನುವುದು ನಿಜವಾ? 1997ರಲ್ಲಿ ಹುಟ್ಟಿಯೇ ಇರದ ಮಕ್ಕಳು ಇದನ್ನೇ ಇತಿಹಾಸ ಅಂದುಕೊಂಡುಬಿಟ್ಟರೆ ಅಂತ ಭಯ. ಹೇಗೆ ತೋರಿಸಲಿ? ಮೊದಲ ವರ್ಷದವರನ್ನೂ ಕೂರಿಸಬಹುದಾ?

ಉತ್ತರ: ಮೇಡಂ, ನಿಮ್ಮ ಭಯ ಸರಿಯಾದದ್ದೇ. ಆದರೆ ಅದಕ್ಕಾಗಿ ಸಿನಿಮಾ ಬದಲಿಸಬೇಡಿ, ತೋರಿಸಿ. ನಾನು ಚಿತ್ರಕತೆ ಬರೆಯುವುದನ್ನು ಕಲಿಸುವವನು. ಹೊಸ ತಂಡ ಬಂದಾಗಲೆಲ್ಲ ಈ ಚಿತ್ರ ತೋರಿಸುತ್ತೇನೆ. ನಡೆದದ್ದನ್ನೂ ಊಹಿಸಿದ್ದನ್ನೂ ಇಷ್ಟು ಜಾಣತನದಿಂದ ಸೇರಿಸಿದ ಚಿತ್ರ ಪಾಠಕ್ಕೆ ಸುಲಭವಾಗಿ ಸಿಗುವುದಿಲ್ಲ.

ನಿಮ್ಮ ಸಹೋದ್ಯೋಗಿಗಳು ಇಬ್ಬರೂ ಇಡೀ ಚಿತ್ರಕ್ಕೆ ಒಂದೇ ತೀರ್ಪು ಕೊಡಲು ಹೋಗಿದ್ದಾರೆ. ಅಲ್ಲೇ ತೊಡಕು. ಇಂಥ ಚಿತ್ರದಲ್ಲಿ ಒಂದೊಂದು ದೃಶ್ಯಕ್ಕೂ ಉತ್ತರ ಬೇರೆ. ವಿದ್ಯಾರ್ಥಿಗಳಿಗೆ ನಾನು ಕಲಿಸುವ ಪ್ರಶ್ನೆ ಇದು: ಇದು ನಡೆದಾಗ ಆ ಜಾಗದಲ್ಲಿ ಯಾರಿದ್ದರು? ಅವರಲ್ಲಿ ಯಾರಾದರೂ ಆಮೇಲೆ ಬಾಯಿ ಬಿಟ್ಟಿದ್ದಾರಾ? ಕ್ಯಾಮೆರಾ ಇತ್ತು ಅಂದರೆ ದಾಖಲೆ ಇದೆ. ನಾಲ್ಕಾರು ಜನ ಇದ್ದರೆ ಒಬ್ಬರಾದರೂ ಡೈರಿ ಬರೆದಿರುತ್ತಾರೆ. ಇಬ್ಬರೇ ಇದ್ದರೆ ಅನುಮಾನ ಶುರುವಾಗಬೇಕು. ಒಬ್ಬರೇ ಇದ್ದರು ಅಂದರೆ ಅದು ಪೂರ್ತಿ ಬರಹಗಾರನ ಕೆಲಸ.

ಮೊದಲು ದಾಖಲೆ ನೋಡೋಣ. 1997ರ ಆಗಸ್ಟ್ 31, ಭಾನುವಾರ ನಸುಕಿನಲ್ಲಿ ಪ್ಯಾರಿಸ್‌ನ ಸುರಂಗ ರಸ್ತೆಯೊಂದರಲ್ಲಿ ಕಾರು ಅಪಘಾತವಾಗಿ ಡಯಾನಾ ತೀರಿಕೊಂಡರು. ಅವರಿಗೂ ರಾಣಿಯ ಮಗ ಚಾರ್ಲ್ಸ್‌ಗೂ ವಿಚ್ಛೇದನ ಆಗಿ ಒಂದು ವರ್ಷ ಕಳೆದಿತ್ತು. ರಾಣಿ, ಚಾರ್ಲ್ಸ್, ಮೊಮ್ಮಕ್ಕಳಾದ 15ರ ವಿಲಿಯಂ ಮತ್ತು 12ರ ಹ್ಯಾರಿ ಎಲ್ಲರೂ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯಲ್ಲಿದ್ದರು. ಬ್ಲೇರ್ ಪ್ರಧಾನಿಯಾಗಿ ಇನ್ನೂ ನಾಲ್ಕು ತಿಂಗಳು. ಅವರು ಬೆಳಿಗ್ಗೆಯೇ ತಮ್ಮ ಕ್ಷೇತ್ರದ ಚರ್ಚಿನ ಮುಂದೆ ನಿಂತು ಡಯಾನಾ ‘ಜನರ ರಾಜಕುಮಾರಿ’ ಎಂದರು. ಅದೇ ಬೆಳಿಗ್ಗೆ ರಾಜಮನೆತನ ಬಾಲ್ಮೋರಲ್ ಪಕ್ಕದ ಚರ್ಚಿಗೆ ಹೋಯಿತು. ಅಲ್ಲಿನ ಪ್ರಾರ್ಥನೆಯಲ್ಲಿ ಡಯಾನಾ ಹೆಸರೇ ಬರಲಿಲ್ಲ. ಆಮೇಲೆ ಲಂಡನ್ನಿನಲ್ಲಿ ಅರಮನೆಗಳ ಮುಂದೆ ಹೂವಿನ ರಾಶಿ ಬೆಳೆಯಿತು, ಸಂತಾಪ ಪುಸ್ತಕಕ್ಕೆ ಸಹಿ ಹಾಕಲು ಜನ ಗಂಟೆಗಟ್ಟಲೆ ಸಾಲು ನಿಂತರು. ಬಕಿಂಗ್‌ಹ್ಯಾಮ್ ಅರಮನೆಯ ಬಾವುಟದ ಕಂಬ ಮಾತ್ರ ಬರಿದಾಗಿತ್ತು. ಗುರುವಾರ ‘ದಿ ಸನ್’ ಪತ್ರಿಕೆ ಮುಖಪುಟದಲ್ಲೇ ಕೇಳಿತು: ‘ನಮ್ಮ ರಾಣಿ ಎಲ್ಲಿ? ಅವರ ಬಾವುಟ ಎಲ್ಲಿ?’ ಶುಕ್ರವಾರ, ಸೆಪ್ಟೆಂಬರ್ 5ರಂದು, ರಾಣಿ ಲಂಡನ್ನಿಗೆ ಬಂದರು, ಹೂವಿನ ರಾಶಿ ನೋಡಿದರು, ಸಂಜೆ 6ಕ್ಕೆ ಟೀವಿಯಲ್ಲಿ ನೇರ ಪ್ರಸಾರದಲ್ಲಿ ಮಾತಾಡಿದರು. ಶನಿವಾರ ಅಂತ್ಯಕ್ರಿಯೆ. ಮೆರವಣಿಗೆ ಅರಮನೆ ಮುಂದೆ ಹಾದಾಗ ರಾಣಿ ತಲೆ ಬಾಗಿಸಿದರು. ಆ ಶುಕ್ರವಾರವೇ ಕಲ್ಕತ್ತಾದಲ್ಲಿ ಮದರ್ ತೆರೇಸಾ ತೀರಿಕೊಂಡರು. ಹಾಗಾಗಿ ನಮ್ಮ ಕಡೆ ಎರಡೂ ಸಾವನ್ನು ಒಟ್ಟಿಗೇ ನೆನೆಯುವವರು ಬಹಳ.

ಈ ಚೌಕಟ್ಟಿಗೆ ಚಿತ್ರ ನಿಷ್ಠವಾಗಿದೆ. ಅರಮನೆ ಮುಂದೆ ಹುಡುಗಿಯೊಬ್ಬಳು ಹೂ ಹಿಡಿದು ನಿಂತಿರುತ್ತಾಳಲ್ಲ, ರಾಣಿ ‘ನಾನು ಇಡಲಾ?’ ಅಂದರೆ ‘ಬೇಡ, ಇದು ನಿಮಗೇ’ ಅನ್ನುತ್ತಾಳಲ್ಲ, ಅಂಥ ಘಟನೆ ಕೂಡ ನಡೆದದ್ದೇ. ಸಿನಿಮಾ ನೋಡಿದವರು ಕಟ್ಟುಕತೆ ಅಂದುಕೊಳ್ಳುವುದು ಇದನ್ನೇ ಜಾಸ್ತಿ. ಅಳು ಬರಿಸುವ ದೃಶ್ಯವೆಲ್ಲ ಸುಳ್ಳು, ಒಣ ದೃಶ್ಯವೆಲ್ಲ ನಿಜ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ ಅನ್ನುವುದಕ್ಕೆ ಮಕ್ಕಳಿಗೆ ಈ ಉದಾಹರಣೆ ಕೊಡಿ.

ಈಗ ಇತಿಹಾಸದ ಮೇಷ್ಟ್ರ ಮಾತು. ಟೀವಿ ತುಣುಕುಗಳು ಅಸಲಿ, ಅದರಲ್ಲಿ ಎರಡು ಮಾತಿಲ್ಲ. ಡಯಾನಾ ಮುಖ ಕಾಣುವುದೂ ಹಳೆಯ ಸುದ್ದಿ ದೃಶ್ಯಗಳಲ್ಲೇ. ಆದರೆ ನಿರ್ದೇಶಕ ಸ್ಟೀಫನ್ ಫ್ರಿಯರ್ಸ್ ಮಾಡಿದ್ದೇನು ನೋಡಿ. ಅಸಲಿ ತುಣುಕು ಮುಗಿದ ಮರುಕ್ಷಣ ಅದನ್ನು ಟೀವಿಯಲ್ಲಿ ನೋಡುತ್ತಾ ಕೂತ, ರಾಣಿಯ ಪಾತ್ರ ಮಾಡಿದ ಹೆಲೆನ್ ಮಿರೆನ್ ಮುಖ ಬರುತ್ತದೆ. ಹಾಲಿಗೆ ನೀರು ಬೆರೆತ ಹಾಗೆ, ಕಣ್ಣಿಗೆ ಗೆರೆ ಸಿಗುವುದಿಲ್ಲ. ಅಸಲಿ ತುಣುಕಿನ ನಂಬಿಕೆ ಪಕ್ಕದ ಊಹೆಯ ದೃಶ್ಯಕ್ಕೂ ಹತ್ತಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ರಾಜಮನೆತನದ ದೃಶ್ಯಗಳನ್ನು 35 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದಾರೆ, ಬ್ಲೇರ್ ಕಡೆಯ ದೃಶ್ಯಗಳನ್ನು 16 ಎಂಎಂನಲ್ಲಿ. ಬಾಲ್ಮೋರಲ್ ನುಣುಪಾಗಿ, ಚಿತ್ರಪಟದಂತೆ ಕಾಣುತ್ತದೆ. ಬ್ಲೇರ್ ಮನೆ ಒರಟಾಗಿ, ಸುದ್ದಿಯವರು ಒಳಗೆ ಹೊಕ್ಕು ತೆಗೆದಂತೆ ಕಾಣುತ್ತದೆ. ಬ್ಲೇರ್ ಮನೆಯ ಮಾತುಕತೆ ಜಾಸ್ತಿ ನಿಜ ಅನ್ನಿಸುವುದಕ್ಕೆ ಅರ್ಧ ಕಾರಣ ಆ ಫಿಲ್ಮೇ. ದೊಡ್ಡ ಪರದೆಯಲ್ಲಿ ತೋರಿಸಿದರೆ ಮಕ್ಕಳಿಗೇ ಈ ವ್ಯತ್ಯಾಸ ಕಾಣುತ್ತದೆ.

ಸಾರಂಗಕ್ಕೆ ಬರೋಣ. ರಾಣಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಒಬ್ಬರೇ ಲ್ಯಾಂಡ್ ರೋವರ್ ಓಡಿಸುತ್ತಾರೆ. ಹಳ್ಳ ದಾಟುವಾಗ ಗಾಡಿ ಕೆಟ್ಟು ನಿಲ್ಲುತ್ತದೆ. ಕೆಳಗಿಳಿದು ಬಗ್ಗಿ ನೋಡುತ್ತಾರೆ, ಏನು ಮುರಿದಿದೆ ಅಂತ ಅವರಿಗೇ ಗೊತ್ತಾಗುತ್ತದೆ. ಫೋನ್ ಮಾಡಿ ಹೇಳುತ್ತಾರೆ. ಆ ಚಿಕ್ಕ ವಿವರ ಗಟ್ಟಿ ನೆಲದ ಮೇಲೆ ನಿಂತಿದೆ: 1945ರಲ್ಲಿ, ಎರಡನೇ ಮಹಾಯುದ್ಧದ ಕೊನೆಯಲ್ಲಿ, ರಾಜಕುಮಾರಿ ಎಲಿಜಬೆತ್ ಸೇನೆಯ ಮಹಿಳಾ ದಳ ಸೇರಿ ಗಾಡಿ ಓಡಿಸುವುದು, ರಿಪೇರಿ ಮಾಡುವುದು ಎರಡನ್ನೂ ಕಲಿತಿದ್ದರು. ಆಮೇಲೆ ಕಾಯುತ್ತಾ ಕೂರುತ್ತಾರೆ. ಕ್ಯಾಮೆರಾ ಬೆನ್ನ ಹಿಂದೆಯೇ ಉಳಿಯುತ್ತದೆ. ಮುಖ ಕಾಣುವುದಿಲ್ಲ, ಭುಜ ಅಲುಗುವುದಷ್ಟೇ ಕಾಣುತ್ತದೆ. ತಿರುಗಿದರೆ ದೊಡ್ಡ ಕೊಂಬಿನ ಸಾರಂಗ. ದೂರದಲ್ಲಿ ಬೇಟೆಯವರ ಸದ್ದು. ಕಣ್ಣೊರೆಸಿಕೊಂಡು ‘ಹೋಗು, ಹೋಗು’ ಅಂತ ಅದನ್ನು ಓಡಿಸುತ್ತಾರೆ. ಆಮೇಲೆ ಪಕ್ಕದ ಎಸ್ಟೇಟಿನಲ್ಲಿ ದುಡ್ಡು ಕೊಟ್ಟು ಬೇಟೆಗೆ ಬಂದ ಅತಿಥಿಯೊಬ್ಬ ಅದನ್ನು ಹೊಡೆದ ಸುದ್ದಿ ಬರುತ್ತದೆ. ರಾಣಿ ಹೋಗಿ ನೋಡುತ್ತಾರೆ.

ಇದು ಪೂರ್ತಿ ಕಲ್ಪನೆ. ಅಲ್ಲಿ ಇದ್ದದ್ದು ಒಬ್ಬ ಹೆಂಗಸು, ಒಂದು ಪ್ರಾಣಿ. ಯಾರು ಬಂದು ಹೇಳಬೇಕು? ಆದರೆ ಕಲ್ಪನೆ ಅಂತ ತಳ್ಳಿಹಾಕಬೇಡಿ. ಬರಹಗಾರ ಪೀಟರ್ ಮಾರ್ಗನ್‌ಗೆ ಇಲ್ಲಿ ಒಂದು ಕಷ್ಟ ಇತ್ತು. ಭಾವನೆ ತೋರಿಸದವರು ಅಂತ ಹೆಸರಾದವರ ಒಳಗನ್ನು ತೋರಿಸಬೇಕು, ಆದರೆ ಬಾಯಿಬಿಟ್ಟು ಹೇಳಿಸಿದರೆ ಆ ಪಾತ್ರವೇ ಕೆಡುತ್ತದೆ. ಅದಕ್ಕೆ ಸಾಕ್ಷಿಯೇ ಇಲ್ಲದ ಜಾಗಕ್ಕೆ ಕರೆದುಕೊಂಡು ಹೋದರು, ಅಲ್ಲೂ ಮುಖ ತೋರಿಸಲಿಲ್ಲ. ‘ನನಗೆ ಗೊತ್ತಿಲ್ಲ, ಊಹಿಸುತ್ತಿದ್ದೇನೆ’ ಅಂತ ಬರಹಗಾರನೇ ಒಪ್ಪಿಕೊಂಡ ಹಾಗೆ ಆ ಬೆನ್ನಿನ ದೃಶ್ಯ ನನಗೆ ಕಾಣುತ್ತದೆ. ಇಡೀ ಚಿತ್ರದಲ್ಲಿ ಅತ್ಯಂತ ಪ್ರಾಮಾಣಿಕ ಸುಳ್ಳು ಅದು. ನಿಮ್ಮ ಮನಸ್ಸಿನಿಂದ ಹೋಗದಿರುವುದಕ್ಕೆ ಕಾರಣ ಅದೇ ಇರಬೇಕು.

ನನಗೆ ಅದಕ್ಕಿಂತ ಅಪಾಯ ಅನ್ನಿಸುವುದು ಬೇರೆ ದೃಶ್ಯಗಳು. ರಾಣಿಯೂ ಪ್ರಧಾನಿಯೂ ವಾರಕ್ಕೊಮ್ಮೆ ಭೇಟಿಯಾಗುತ್ತಿದ್ದಾಗ ಕೋಣೆಯಲ್ಲಿ ಮೂರನೆಯವರು ಇರುತ್ತಿರಲಿಲ್ಲ, ಬರೆದುಕೊಳ್ಳುವವರೂ ಇರುತ್ತಿರಲಿಲ್ಲ. ಚಿತ್ರದ ಮೊದಲ ಭೇಟಿಯಲ್ಲಿ ರಾಣಿ ಬ್ಲೇರ್‌ಗೆ ನೀವು ನನ್ನ ಹತ್ತನೇ ಪ್ರಧಾನಿ, ಮೊದಲನೆಯವರು ಚರ್ಚಿಲ್ ಅನ್ನುತ್ತಾರೆ. ಸಹಜವಾಗಿದೆ, ಲೆಕ್ಕವೂ ಸರಿ. 2010ರಲ್ಲಿ ಬ್ಲೇರ್ ಆತ್ಮಕತೆ ಬಂತು. ಅದರಲ್ಲೂ ರಾಣಿ ಹೆಚ್ಚುಕಡಿಮೆ ಅದೇ ಮಾತು ಆಡುತ್ತಾರೆ! ಆ ಮಾತು ತಾನೇ ಊಹಿಸಿ ಬರೆದದ್ದು ಅಂತ ಮಾರ್ಗನ್ ಆಗ ಪತ್ರಿಕೆಯವರಿಗೆ ಹೇಳಿದರು. ರಾಣಿ ನಿಜಕ್ಕೂ ಹಾಗೆ ಅಂದಿರಬಹುದು, ಮಾರ್ಗನ್ ಊಹೆ ತಾಳೆಯಾಗಿರಬಹುದು. ಸಿನಿಮಾದ ಮಾತು ಬ್ಲೇರ್ ನೆನಪಿನೊಳಗೆ ಸೇರಿಕೊಂಡಿರಲೂಬಹುದು. ಕೋಣೆಯಲ್ಲಿ ಇದ್ದವರ ನೆನಪಿನ ವಿಷಯದಲ್ಲೇ ಹೀಗೆ ಕೇಳುವಂತಾದರೆ ನಮ್ಮ ನಿಮ್ಮ ಮಕ್ಕಳ ಪಾಡೇನು? ನೀವು ಹೇಳಿದ ಭಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಕೊನೆಯ ಭೇಟಿಯನ್ನೂ ಹೀಗೇ ನೋಡಿ. ಎರಡು ತಿಂಗಳ ಮೇಲೆ ಇಬ್ಬರೂ ಮತ್ತೆ ಸಿಗುತ್ತಾರೆ. ಇದೇ ಒಂದು ದಿನ ನಿಮಗೂ ಆಗುತ್ತದೆ, ಹೇಳದೆ ಕೇಳದೆ ಬರುತ್ತದೆ ಅಂತ ರಾಣಿ ಎಚ್ಚರಿಸುತ್ತಾರೆ. ಕತೆಯಲ್ಲಿ ಆಗ 1997. ಬರೆದು ತೆರೆಗೆ ಬಂದದ್ದು 2006ರ ಹೊತ್ತಿಗೆ. ಆಗಾಗಲೇ ಇರಾಕ್ ಯುದ್ಧದಿಂದ ಬ್ಲೇರ್ ಜನಪ್ರಿಯತೆ ಕುಸಿದಿತ್ತು, ಮುಂದಿನ ಜೂನ್‌ನಲ್ಲಿ ಅವರು ರಾಜೀನಾಮೆಯನ್ನೂ ಕೊಟ್ಟರು. ಆ ಮಾತು ಭವಿಷ್ಯ ನುಡಿದಂತೆ ಕೇಳುತ್ತದೆ, ಆದರೆ ಹೇಳಿಸಿದವರಿಗೆ ಉತ್ತರ ಮೊದಲೇ ಗೊತ್ತಿತ್ತು. ನಡೆದದ್ದರ ಮೇಲೆ ತೆಗೆದ ಯಾವ ಸಿನಿಮಾವನ್ನೇ ನೋಡಲಿ, ಅದು ಯಾವ ವರ್ಷದ ಕತೆ ಅನ್ನುವುದರ ಜೊತೆಗೆ ಯಾವ ವರ್ಷ ಬರೆದದ್ದು ಅಂತಲೂ ಕೇಳಬೇಕು.

ಬಿಟ್ಟದ್ದೂ ಒಂದಿದೆ. ಚಿತ್ರದಲ್ಲಿ ರಾಣಿಯ ಪಕ್ಕದಲ್ಲಿ ಓಡಾಡುವ ಅಧಿಕಾರಿ ರಾಬಿನ್ ಜಾನ್ವ್ರಿನ್. ನಿಜದಲ್ಲಿ ಅವರು ಆಗ ಉಪ ಕಾರ್ಯದರ್ಶಿ. ರಾಣಿಯ ಮುಖ್ಯ ಖಾಸಗಿ ಕಾರ್ಯದರ್ಶಿ ಸರ್ ರಾಬರ್ಟ್ ಫೆಲೋಸ್, ಅಂದರೆ ಡಯಾನಾ ಅವರ ಅಕ್ಕನ ಗಂಡ! ಅರಮನೆಯ ಪರವಾಗಿ ಆ ವಾರ ದುಡಿದ ಹಿರಿಯ ಅಧಿಕಾರಿಯೇ ಸಾವಿನ ಮನೆಯವರು. ಇಂಥ ಎಳೆಯನ್ನು ಬರಹಗಾರ ಯಾಕೆ ಕೈಬಿಟ್ಟರು? ಅದನ್ನು ತಂದರೆ ‘ಅರಮನೆ ಒಂದು ಕಡೆ, ದುಃಖ ಇನ್ನೊಂದು ಕಡೆ’ ಅನ್ನುವ ಚಿತ್ರದ ಅಚ್ಚುಕಟ್ಟು ಗೆರೆ ಅಳಿಸಿಹೋಗುತ್ತದೆ. ನನ್ನ ಮಟ್ಟಿಗೆ ಚಿತ್ರದ ದೊಡ್ಡ ಕೊರತೆ ಇದು.

ಹಾಗಾದರೆ ರಾಣಿಯದು ಕಲ್ಲು ಮನಸ್ಸಾ? ಐದು ದಿನ ಯಾಕೆ ಸುಮ್ಮನಿದ್ದರು? ಬಾವುಟದ ವಿಷಯ ಮೊದಲು. ರಾಯಲ್ ಸ್ಟ್ಯಾಂಡರ್ಡ್ ಅನ್ನುವ ಬಾವುಟ ದೊರೆ ಇರುವ ಕಡೆ ಮಾತ್ರ ಹಾರುತ್ತದೆ. ಅದನ್ನು ಅರ್ಧಕ್ಕೆ ಇಳಿಸುವ ಪದ್ಧತಿಯೇ ಇಲ್ಲ, ಒಬ್ಬ ದೊರೆ ಸತ್ತ ಕ್ಷಣವೇ ಇನ್ನೊಬ್ಬರು ದೊರೆ. ರಾಣಿ ಸ್ಕಾಟ್ಲೆಂಡಿನಲ್ಲಿದ್ದರೆ ಲಂಡನ್ನಿನ ಕಂಬ ಬರಿದಾಗಿರುವುದೇ ಆಗಿನ ನಿಯಮ. ಅರಮನೆಯವರ ಕಣ್ಣಿಗೆ ಅದು ಕ್ರಮ, ಬೀದಿಯಲ್ಲಿ ನಿಂತವರ ಕಣ್ಣಿಗೆ ತಾತ್ಸಾರ. ಕೊನೆಗೆ ಅಂತ್ಯಕ್ರಿಯೆಯ ದಿನ ಬ್ರಿಟನ್ನಿನ ರಾಷ್ಟ್ರಧ್ವಜವನ್ನು ಅರ್ಧಕ್ಕೆ ಹಾರಿಸಿದರು. ಅಲ್ಲಿಂದಾಚೆ ರಾಣಿ ಇಲ್ಲದಾಗ ಅಲ್ಲಿ ರಾಷ್ಟ್ರಧ್ವಜ ಹಾರಿಸುವುದೇ ರೂಢಿಯಾಯಿತು.

ಎರಡನೆಯದು ಮೊಮ್ಮಕ್ಕಳು. ತಾಯಿ ಸತ್ತ ಎರಡು ಮಕ್ಕಳು ಮನೆಯಲ್ಲಿದ್ದರು. ಅಜ್ಜಿ ಬೇಕೆಂದೇ ಮನೆಯಿಂದ ಪತ್ರಿಕೆಗಳನ್ನೆಲ್ಲ ತೆಗೆಸಿದ್ದರು, ತಮ್ಮನ್ನು ಕಾಪಾಡಲು ನೋಡಿದರು ಅಂತ ವಿಲಿಯಂ 2017ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಹೇಳಿದರು. ಸಿನಿಮಾ ಬಂದು ಹನ್ನೊಂದು ವರ್ಷದ ಮೇಲೆ ಸಿಕ್ಕ ಸಾಕ್ಷ್ಯ ಅದು. ಈ ವಿಷಯದಲ್ಲಿ ಮಾರ್ಗನ್ ಊಹೆ ಸರಿ ದಾರಿಯಲ್ಲೇ ಇತ್ತು.

ಇಷ್ಟಕ್ಕೇ ರಾಣಿಗೆ ಪೂರ್ತಿ ಮಾಫಿ ಕೊಡಲೂ ಆಗುವುದಿಲ್ಲ. 1966ರಲ್ಲಿ ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಜಾರಿ 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಆಗಲೂ ರಾಣಿ ಅಲ್ಲಿಗೆ ಹೋದದ್ದು ಎಂಟು ದಿನಗಳ ಮೇಲೆ. ದುಃಖವನ್ನು ಮನೆಯೊಳಗೆ ಇಟ್ಟುಕೊಳ್ಳಬೇಕು, ಹೊರಗೆ ಕರ್ತವ್ಯ ಮಾತ್ರ ಕಾಣಬೇಕು ಅಂತ ಬೆಳೆದ ತಲೆಮಾರು ಅದು. ಜನ ಕೇಳುತ್ತಿದ್ದದ್ದು ಬೇರೆ: ನಮ್ಮ ಜೊತೆ ನಿಲ್ಲಿ, ನೀವೂ ಅತ್ತದ್ದು ನಮಗೆ ಕಾಣಲಿ.

ಇನ್ನು ಪತ್ರಿಕೆಗಳು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಅಪಘಾತದ ಮೊದಲ ದಿನ ಜನರ ಸಿಟ್ಟು ತಿರುಗಿದ್ದು ಡಯಾನಾ ಬೆನ್ನು ಬಿದ್ದಿದ್ದ ಫೋಟೋಗ್ರಾಫರ್‌ಗಳ ಮೇಲೆ, ಆ ಫೋಟೋ ಕೊಂಡು ಅಚ್ಚು ಹಾಕುತ್ತಿದ್ದ ಪತ್ರಿಕೆಗಳ ಮೇಲೆ. ಡಯಾನಾ ಅವರ ಸ್ವಂತ ತಮ್ಮನೇ ಅದನ್ನು ಬಾಯಿಬಿಟ್ಟು ಹೇಳಿದರು. ಗುರುವಾರದ ಹೊತ್ತಿಗೆ ಅದೇ ಪತ್ರಿಕೆಗಳು ಬೆರಳು ತೋರಿಸಿದ್ದು ರಾಣಿಯ ಕಡೆಗೆ. ಜನರ ನೋವು ನಿಜ. ಆ ಸಿಟ್ಟನ್ನು ಯಾರ ಮನೆ ಬಾಗಿಲಿಗೆ ತಿರುಗಿಸಬೇಕು ಅನ್ನುವುದರಲ್ಲಿ ಪತ್ರಿಕೆಗಳ ಸ್ವಂತ ಹಿತವೂ ಇತ್ತು.

ಬ್ಲೇರ್ ರಾಜಮನೆತನ ಉಳಿಸಿದರಾ? ಉಳಿಸಿದರು ಅನ್ನಲು ಅದು ಮುಳುಗುತ್ತಿರಬೇಕು. ಚಿತ್ರದಲ್ಲಿ ನಾಲ್ಕರಲ್ಲಿ ಒಬ್ಬರು ರಾಜಪ್ರಭುತ್ವವೇ ಬೇಡ ಅನ್ನುತ್ತಿದ್ದಾರೆ ಅನ್ನುವ ಅಂಕಿ ಬರುತ್ತದೆ, ಎದೆ ಧಸಕ್ ಅನ್ನುತ್ತದೆ. ಆ ಕಾಲದ ಬ್ರಿಟಿಷ್ ಸಮೀಕ್ಷೆಗಳಲ್ಲಿ ಗಣರಾಜ್ಯ ಬೇಕೆನ್ನುವವರು ವರ್ಷಗಟ್ಟಲೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲಿನ ಆಸುಪಾಸಿನಲ್ಲೇ ಇದ್ದರು. ಆ ವಾರದ ಕೋಪ ದೊಡ್ಡದು, ಆದರೆ ಸಿಂಹಾಸನ ಅಲುಗಾಡುವಷ್ಟಲ್ಲ. ಬ್ಲೇರ್ ಕಚೇರಿ ಸಹಾಯ ಮಾಡಿದ್ದು ನಿಜ. ಭಾಷಣದಲ್ಲಿ ‘ನಿಮ್ಮ ರಾಣಿಯಾಗಿ, ಒಬ್ಬ ಅಜ್ಜಿಯಾಗಿ’ ಅನ್ನುವ ಮಾತಿದೆಯಲ್ಲ, ಅದರಲ್ಲಿ ಅಜ್ಜಿಯ ಸಲಹೆ ಪ್ರಧಾನಿ ಕಚೇರಿಯಿಂದ ಬಂತು ಅನ್ನುವುದು ಆಗಿನಿಂದಲೂ ವರದಿಯಾಗಿರುವ ವಿಷಯ. ಸಹಾಯ ಬೇರೆ, ಉದ್ಧಾರ ಬೇರೆ.

ಪ್ರಚಾರ ಚಿತ್ರ ಅನ್ನುವ ಆರೋಪ? ದುಡ್ಡಿನ ಮಾತು ಸುಳ್ಳು. ಹಣ ಹಾಕಿದ್ದು ಗ್ರೆನಡಾ, ಪಾಥೆ ಮುಂತಾದ ಚಿತ್ರ ಸಂಸ್ಥೆಗಳು. ಅಸಲಿ ಅರಮನೆಯಲ್ಲಿ ಚಿತ್ರೀಕರಣವೂ ಆಗಿಲ್ಲ, ಬಾಲ್ಮೋರಲ್ ಆಗಿ ಕಾಣುವುದು ಸ್ಕಾಟ್ಲೆಂಡಿನ ಬೇರೆ ಕೋಟೆಮನೆಗಳು. ಚಾರ್ಲ್ಸ್ ಅಂಜುಬುರುಕರಂತೆ, ರಾಣಿಯ ಗಂಡ ಫಿಲಿಪ್ ಒರಟರಂತೆ ಕಾಣುವ ಚಿತ್ರವನ್ನು ಅರಮನೆ ದುಡ್ಡು ಕೊಟ್ಟು ಮಾಡಿಸುತ್ತಿತ್ತಾ? ಆದರೆ ನಿಮ್ಮ ಆ ಸಹೋದ್ಯೋಗಿಗೆ ಏನೋ ಒಂದು ಕಂಡಿದೆ, ಅದನ್ನು ಬಿಡಬೇಡಿ. ಈ ಚಿತ್ರ ರಾಣಿಗೆ ಏಕಾಂತ ಕೊಡುತ್ತದೆ, ಕಣ್ಣೀರು ಕೊಡುತ್ತದೆ. 2007ರಲ್ಲಿ ಮಿರೆನ್‌ಗೆ ಆಸ್ಕರ್ ತಂದುಕೊಟ್ಟ ಮುಖ ಕೊಡುತ್ತದೆ. ಬೀದಿಯಲ್ಲಿ ಅಳುತ್ತಿದ್ದ ಲಕ್ಷಾಂತರ ಜನರಲ್ಲಿ ಒಬ್ಬರ ಮನೆಗೂ ಕ್ಯಾಮೆರಾ ಹೋಗುವುದಿಲ್ಲ. ಹೂ ಕೊಡುವ ಆ ಹುಡುಗಿಯನ್ನು ಬಿಟ್ಟರೆ ಅವರು ಟೀವಿ ತುಣುಕಿನಲ್ಲಿ ಕಾಣುವ ಗುಂಪು ಅಷ್ಟೇ. ಜನರ ದುಃಖದ ಮೇಲೆ ನಿಂತ ಚಿತ್ರದಲ್ಲಿ ಜನರ ಕಡೆಯಿಂದ ಒಂದು ಪಾತ್ರವೇ ಇಲ್ಲ. ಹೀಗಾಗಿ ಅವರ ಅಳು ಸ್ವಲ್ಪ ಹುಚ್ಚುತನದಂತೆ, ರಾಣಿಯ ಮೌನ ಘನವಾಗಿ ಕಾಣುತ್ತದೆ. ಏಡ್ಸ್ ರೋಗಿಯ ಕೈ ಮುಟ್ಟಲು ಜಗತ್ತು ಹೆದರುತ್ತಿದ್ದ 1987ರಲ್ಲಿ ಡಯಾನಾ ಗ್ಲೌಸ್ ಇಲ್ಲದೆ ಕೈಕುಲುಕಿದ್ದರು. 1997ರ ಜನವರಿಯಲ್ಲಿ ಅಂಗೋಲಾದ ನೆಲಬಾಂಬ್ ಪ್ರದೇಶದಲ್ಲಿ ನಡೆದಿದ್ದರು. ಜನ ಸುಮ್ನೆ ಅತ್ತದ್ದಲ್ಲ. ಇಷ್ಟನ್ನು ಸಿನಿಮಾಕ್ಕೆ ಮೊದಲೇ ಮಕ್ಕಳಿಗೆ ಹೇಳಿಬಿಡಿ.

ತೋರಿಸುವ ಬಗೆ. ಒಂದೇ ಸಲ ಪೂರ್ತಿ ತೋರಿಸಿ ಕೂಡಲೇ ಚರ್ಚೆಗೆ ಕೂತರೆ ‘ಪಾಪ ರಾಣಿ’ ಅನ್ನುವಲ್ಲಿಗೇ ಮಾತು ಮುಗಿಯುತ್ತದೆ, ಮಿರೆನ್ ನಟನೆ ಅಷ್ಟು ಬಲವಾದದ್ದು. ಅಸಲಿ ಭಾಷಣ, ಪತ್ರಿಕೆಗಳ ಮುಖಪುಟ ಮೊದಲೇ ತೋರಿಸಿದರೆ ಮಕ್ಕಳು ತಪ್ಪು ಹುಡುಕುವ ಆಟಕ್ಕೆ ಇಳಿಯುತ್ತಾರೆ, ಸಿನಿಮಾ ನೋಡುವುದೇ ಇಲ್ಲ. ಬರೀ ತುಣುಕು ತೋರಿಸುವುದು ಬೇಡ. ಹಿಂದುಮುಂದಿಲ್ಲದೆ ಸಾರಂಗ ಬರೀ ಸಾರಂಗ. ಗುರುವಾರದ ಪತ್ರಿಕೆಗಳು ಬರುವಲ್ಲಿ ನಿಲ್ಲಿಸಿ ಎರಡು ದಿನ ತೋರಿಸುವವರೂ ಇದ್ದಾರೆ. ಎರಡನೇ ದಿನ ಅರ್ಧ ತರಗತಿ ಖಾಲಿ ಇರುತ್ತದೆ.

ನಾನು ಮಾಡುವುದು ಹೀಗೆ. ಇಡೀ ಚಿತ್ರ ಒಂದೇ ಸಲ, ಒಂದೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಆ ದಿನ ಚರ್ಚೆ ಇಲ್ಲ. ಮರುದಿನದ ತರಗತಿಯಲ್ಲಿ ಸೆಪ್ಟೆಂಬರ್ 5ರ ಅಸಲಿ ಭಾಷಣ, ಅದು ಮೂರು ನಿಮಿಷ ಚಿಲ್ಲರೆ. ಕಿಟಕಿಯ ಹಿಂದೆ ಜನ ಓಡಾಡುವುದು ಕಾಣುತ್ತದೆ, ಮಿರೆನ್ ಧ್ವನಿಗಿಂತ ಆ ಧ್ವನಿ ಎಷ್ಟು ಸಪ್ಪೆ ಅನ್ನುವುದೂ ಗೊತ್ತಾಗುತ್ತದೆ. ಆಮೇಲೆ ಐದಾರು ದೃಶ್ಯದ ಹೆಸರು ಬೋರ್ಡಿನ ಮೇಲೆ ಬರೆದು ಪ್ರತಿಯೊಂದಕ್ಕೂ ‘ಅಲ್ಲಿ ಯಾರಿದ್ದರು?’ ಅಂತ ಮಕ್ಕಳಿಂದಲೇ ಹೇಳಿಸಿ. ಇದರಲ್ಲೂ ಒಂದು ಅಪಾಯ ಇದೆ, ಕೆಲವರು ‘ಹಾಗಾದರೆ ಎಲ್ಲಾ ಸುಳ್ಳು’ ಅನ್ನುವ ಕಡೆ ಜಾರುತ್ತಾರೆ. ಆಗ ಹೂವಿನ ಹುಡುಗಿಯನ್ನು ನೆನಪಿಸಿ.

ಮೊದಲ ವರ್ಷದವರನ್ನು ಧಾರಾಳವಾಗಿ ಕೂರಿಸಿ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಕೊಟ್ಟಿದ್ದಾರೆ, ಅಂದರೆ ಹದಿಮೂರರ ಕೆಳಗಿನವರ ಬಗ್ಗೆ ಪೋಷಕರು ಎಚ್ಚರ ವಹಿಸಿ ಅಂತ. ಒಂದೆರಡು ಬೈಗುಳ, ತಲೆ ಕಡಿದು ನೇತುಹಾಕಿದ ಸಾರಂಗ ಬಿಟ್ಟರೆ ಮುಜುಗರ ಪಡುವಂಥದ್ದು ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಬಾಲ್ಮೋರಲ್‌ನ ಪಿಸುಮಾತು ನಮ್ಮ ಕಿವಿಗೆ ಕಷ್ಟ. ಕಾಲೇಜಿನ ಮಕ್ಕಳು, ಸಿಬ್ಬಂದಿ, ಪೋಷಕರಿಗಷ್ಟೇ ತೋರಿಸುವುದಾದರೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ರಿಯಾಯಿತಿ ಇದೆ. ಊರಿನವರಿಗೆಲ್ಲ ಬಾಗಿಲು ತೆರೆಯುವುದಾದರೆ ಪರವಾನಗಿ ಬೇಕಾಗುತ್ತದೆ. ಒಟಿಟಿ ಖಾತೆಯಿಂದ ತೋರಿಸುವ ಯೋಚನೆ ಇದ್ದರೆ ಅದರ ಷರತ್ತು ಓದಿ, ಬಹುಪಾಲು ಮನೆಯ ಬಳಕೆಗಷ್ಟೇ ಇರುತ್ತವೆ. ಡಿವಿಡಿ ಸಿಕ್ಕರೆ ಅದೇ ಅನುಕೂಲ, ಬೇಕಾದ ದೃಶ್ಯಕ್ಕೆ ಹಿಂದೆ ಹೋಗಿ ಮತ್ತೆ ನೋಡಲು ಸುಲಭ.